ಓಡುವ ಬಸ್ಸು ಹತ್ತಬೇಡಿ: ಎಸಿಎಲ್ ಆಪರೇಷನ್ ಆದ ಮೇಲೆ ಮೈದಾನಕ್ಕೆ ಮರಳುವುದು ಯಾವಾಗ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನವನು. ಮನೆಯಲ್ಲಿ ಎಲ್ಲರಿಗೂ ಫುಟ್‌ಬಾಲ್ ಹುಚ್ಚು. ನನ್ನ ತಮ್ಮನಿಗೆ 20 ವರ್ಷ, ಡಿಫೆಂಡರ್. ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡೋ ಲಿಗಮೆಂಟ್, ಹರಿದು ಆಪರೇಷನ್ ಆಗಿ ಐದು ತಿಂಗಳಾಯ್ತು. ಈಗ ನೋವಿಲ್ಲ, ಆರಾಮಾಗಿ ಓಡ್ತಾನೆ. ಮುಂದಿನ ತಿಂಗಳು ಟೂರ್ನಮೆಂಟ್ ಇದೆ, ಆಡಿಸೋಣ ಅಂತಿದ್ದಾರೆ ಕ್ಲಬ್‌ನವರು. ಆದರೆ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ಡಿಫೆಂಡರ್ ವ್ಯಾನ್ ಡೈಕ್‌ಗೆ ಅಷ್ಟೆಲ್ಲ ಸೌಲಭ್ಯ ಇದ್ದೂ ಒಂಬತ್ತು ತಿಂಗಳು ಬೇಕಾಯ್ತಲ್ವಾ? ಯೂರೋ ಕಪ್ ಕೂಡ ಬಿಟ್ಟುಕೊಟ್ಟರು. ಅಂಥ ಆಟಗಾರರು ಆಫ್-ಸೀಸನ್‌ನಲ್ಲಿ ನಿಜವಾಗಿ ಏನು ಮಾಡ್ತಾರೆ? ಅದರಲ್ಲಿ ನಮ್ಮ ಕೈಲಿ ಎಷ್ಟು ಆಗುತ್ತೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮುಂದಿನ ತಿಂಗಳ ಟೂರ್ನಮೆಂಟ್ ಬೇಡ. ಯಾಕೆ ಬೇಡ ಅಂತ ತಿಳಿಸಲು ನೀವೇ ಎತ್ತಿದ ವ್ಯಾನ್ ಡೈಕ್ ಹೆಸರು ಸಾಕು. ಅವರ ಆ ಒಂದು ವರ್ಷವನ್ನು ತಾರೀಕು ಹಿಡಿದು ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

2020ರ ಅಕ್ಟೋಬರ್ 17. ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್ ಜೊತೆ ಮ್ಯಾಚ್. ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಎವರ್ಟನ್ ಗೋಲ್‌ಕೀಪರ್ ಜೋರಾಗಿ ಬಂದು ವ್ಯಾನ್ ಡೈಕ್ ಕಾಲಿಗೆ ಅಪ್ಪಳಿಸಿದರು. ಬಲ ಮಂಡಿಯ ಎಸಿಎಲ್ ಹೋಯಿತು. ಅಕ್ಟೋಬರ್ 30ಕ್ಕೆ ಲಂಡನ್‌ನಲ್ಲಿ ಆಪರೇಷನ್. ಆಮೇಲೆ ಅವರು ಮೈದಾನಕ್ಕೆ ಕಾಲಿಟ್ಟಿದ್ದು 2021ರ ಜುಲೈ 29ಕ್ಕೆ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ಹೆರ್ಟಾ ಬರ್ಲಿನ್ ವಿರುದ್ಧದ ಸೌಹಾರ್ದ ಪಂದ್ಯಕ್ಕೆ. ಅದೂ ಕೊನೆಯ ಇಪ್ಪತ್ತು ನಿಮಿಷದಷ್ಟು ಮಾತ್ರ. ಗಾಯವಾದ ದಿನದಿಂದ 285 ದಿನ. ಆಪರೇಷನ್‌ನಿಂದ ಲೆಕ್ಕ ಹಾಕಿದರೆ ಒಂಬತ್ತು ತಿಂಗಳಿಗೆ ಒಂದೇ ದಿನ ಕಡಿಮೆ.

ಈಗ ಯೂರೋ ಕಪ್ ಲೆಕ್ಕ ನೋಡಿ. ಅದು ಶುರುವಾಗಿದ್ದು 2021ರ ಜೂನ್ 11ಕ್ಕೆ. ಅಂದರೆ ಆಪರೇಷನ್ ಆಗಿ ಏಳೂವರೆ ತಿಂಗಳೂ ತುಂಬಿರಲಿಲ್ಲ. ಅವರು ನೆದರ್ಲೆಂಡ್ಸ್ ತಂಡದ ನಾಯಕ. ಆ ಹೊತ್ತಿಗೆ ಅವರಿಗೆ ಓಡಲು ಬರುತ್ತಿತ್ತು, ಚೆಂಡು ಒದೆಯಲು ಬರುತ್ತಿತ್ತು. ಆದರೂ ಮೇ ತಿಂಗಳಲ್ಲೇ 'ಈ ಸಲ ನಾನು ಬರುವುದಿಲ್ಲ' ಅಂತ ಹೇಳಿಬಿಟ್ಟರು. ಕೆಲವರು ಇದನ್ನು ಹಿಂಜರಿಕೆ ಅಂದುಕೊಂಡರು. ಗಾಯವಾದ ಆಟಗಾರರನ್ನು ಮೈದಾನಕ್ಕೆ ಮರಳಿಸುವ ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ಅವರ ವೃತ್ತಿಜೀವನದ ಅತ್ಯಂತ ಜಾಣ ನಿರ್ಧಾರ ಅದೇ.

ಎಸಿಎಲ್ ಹರಿದರೆ ಡಾಕ್ಟರು ಸಾಮಾನ್ಯವಾಗಿ ಅದನ್ನೇ ಹೊಲಿದು ಕೂರಿಸುವುದಿಲ್ಲ. ತೊಡೆಯ ಹಿಂಭಾಗದಿಂದಲೋ, ಮಂಡಿಚಿಪ್ಪಿನ ಕೆಳಗಿನಿಂದಲೋ, ಮೇಲಿನಿಂದಲೋ ಒಂದು ಪಟ್ಟಿ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು) ತೆಗೆದು ಆ ಜಾಗದಲ್ಲಿ ಕಸಿ ಮಾಡುತ್ತಾರೆ. ಮೂಳೆಯಲ್ಲಿ ತೂತು ಕೊರೆದು, ಒಳಗೆ ಹಾಯಿಸಿ, ಬಿಗಿ ಮಾಡುತ್ತಾರೆ. ಆಪರೇಷನ್ ಟೇಬಲ್ ಮೇಲೆ ಅದು ಗಟ್ಟಿಯಾಗೇ ಇರುತ್ತದೆ. ಆದರೆ ಅದಕ್ಕೆ ರಕ್ತ ಸಂಚಾರ ಕಡಿದುಹೋಗಿರುತ್ತದಲ್ಲ, ಹಾಗಾಗಿ ಮೊದಲ ಕೆಲವು ವಾರ ಅದು ಸೊರಗುತ್ತದೆ. ಒಂದೂವರೆಯಿಂದ ಮೂರು ತಿಂಗಳ ಹೊತ್ತಿಗೆ ತೀರಾ ಮೆತ್ತಗಾಗಿರುತ್ತದೆ. ಆಮೇಲೆ ನಿಧಾನಕ್ಕೆ ಹೊಸ ರಕ್ತನಾಳ ಬಂದು, ಎಳೆಗಳು ಸಾಲು ಹಿಡಿದು, ಲಿಗಮೆಂಟ್‌ನ ಗುಣ ಪಡೆಯುತ್ತದೆ. ಈ ಕೆಲಸ ಒಂದು ವರ್ಷ ದಾಟಿಯೂ ನಡೆಯುತ್ತಿರುತ್ತದೆ. ಲಿವರ್‌ಪೂಲ್ ಹಣದಿಂದಲೂ ಇದನ್ನು ಬೇಗ ಮಾಡಿಸಲು ಆಗುವುದಿಲ್ಲ. ಈ ಒಂದು ವಿಷಯದಲ್ಲಿ ವ್ಯಾನ್ ಡೈಕ್ ಮಂಡಿಯೂ ನಿಮ್ಮ ತಮ್ಮನ ಮಂಡಿಯೂ ಒಂದೇ.

ನಿಮ್ಮೂರ ಕಡೆ ಮಾವಿನ ತೋಟ ಇದ್ದರೆ ಇದು ಬೇಗ ಅರ್ಥವಾಗುತ್ತದೆ. ಕಸಿ ಗಿಡ ನೆಟ್ಟ ಮೊದಲ ವರ್ಷವೇ ಹೂ ಬಿಡುತ್ತದೆ. ನೋಡಲು ಖುಷಿ. ಆದರೆ ತೋಟದವರು ಆ ಹೂವನ್ನು ಚಿವುಟಿ ಹಾಕುತ್ತಾರೆ. ಕಾಯಿ ಹೊರುವ ಶಕ್ತಿ ಗಿಡಕ್ಕೆ ಇನ್ನೂ ಬಂದಿಲ್ಲ ಅಂತ ಅವರಿಗೆ ಗೊತ್ತು. ನಿಮ್ಮ ತಮ್ಮ ಈಗ ಆ ಹೂವಿನ ಹಂತದಲ್ಲಿದ್ದಾನೆ. ನೋವಿಲ್ಲ, ಊತವಿಲ್ಲ, ಓಡುತ್ತಾನೆ. ನಾಲ್ಕರಿಂದ ಆರು ತಿಂಗಳ ಈ ಅವಧಿಗೇ ನನಗೆ ಹೆದರಿಕೆ ಜಾಸ್ತಿ. ಮನಸ್ಸು ಸಿದ್ಧವಾಗಿರುತ್ತದೆ, ಮಂಡಿ ಆಗಿರುವುದಿಲ್ಲ.

ಇದಕ್ಕೆ ಅಳತೆಯೂ ಇದೆ. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು ಎಸಿಎಲ್ ಆಪರೇಷನ್ ಆದವರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಮಂಡಿಗೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಒಂಬತ್ತರ ನಂತರ ಬರೀ ಕಾಯುವುದರಿಂದ ಅಂಥ ಲಾಭ ಕಾಣಲಿಲ್ಲ. ಇನ್ನೊಂದು ಅಂಕಿ ಇನ್ನೂ ಮುಖ್ಯ. ಶಕ್ತಿ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಮರಳಿದವರಲ್ಲಿ 38 ಶೇಕಡಾ ಜನರಿಗೆ ಮತ್ತೆ ಗಾಯವಾಯಿತು. ಪಾಸಾಗಿ ಮರಳಿದವರಲ್ಲಿ ಆಗಿದ್ದು 6 ಶೇಕಡಾದೊಳಗೆ. ಹಾಗಾಗಿ ಒಂಬತ್ತು ತಿಂಗಳು ಅನ್ನುವುದು ಬಾಗಿಲು ಮಾತ್ರ. ಒಳಗೆ ಬಿಡಬೇಕೋ ಬೇಡವೋ ಅಂತ ಹೇಳುವುದು ಪರೀಕ್ಷೆ.

ವಯಸ್ಸಿನ ಮಾತೂ ಇದೆ. 25 ವರ್ಷದೊಳಗಿನವರು ಆಪರೇಷನ್ ನಂತರ ಆಟಕ್ಕೆ ಮರಳಿದಾಗ ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕಾಲಲ್ಲೋ ಆ ಕಾಲಲ್ಲೋ ಮತ್ತೆ ಎಸಿಎಲ್ ಹರಿಯುತ್ತದೆ. ಹುಡುಗ ಚಿಕ್ಕವನು, ಬೇಗ ವಾಸಿಯಾಗುತ್ತಾನೆ ಅಂತ ಮನೆಯಲ್ಲಿ ಹೇಳುತ್ತಾರೆ. ಎಸಿಎಲ್ ವಿಷಯದಲ್ಲಿ ಚಿಕ್ಕ ವಯಸ್ಸು ಅಪಾಯದ ಕಡೆಗೇ ವಾಲುತ್ತದೆ.

ಹಾಗಾದರೆ ಸ್ವೀಡನ್‌ನ ಸ್ಟ್ರೈಕರ್ ಝ್ಲಾಟಾನ್ ಇಬ್ರಾಹಿಮೊವಿಚ್ ಬೇಗ ಮರಳಲಿಲ್ಲವೇ ಅಂತ ನೀವು ಕೇಳಬಹುದು. ಕೇಳದಿದ್ದರೂ ಕ್ಲಬ್‌ನವರು ಖಂಡಿತ ಆ ಹೆಸರು ಎತ್ತುತ್ತಾರೆ. 2017ರ ಏಪ್ರಿಲ್ 20ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುವಾಗ ಅವರ ಮಂಡಿ ಹೋಯಿತು. ನವೆಂಬರ್ 18ಕ್ಕೆ ಮತ್ತೆ ಆಡಿದರು. ಏಳು ತಿಂಗಳೂ ಆಗಿರಲಿಲ್ಲ, ವಯಸ್ಸು 36. ಎಲ್ಲರೂ ಬೆರಗಾದರು. ಆದರೆ ಅದಾದ ಮೇಲೆ ಯುನೈಟೆಡ್‌ಗೆ ಅವರು ಹೊಡೆದಿದ್ದು ಒಂದೇ ಗೋಲು. 2018ರ ಮಾರ್ಚ್‌ನಲ್ಲಿ ಕ್ಲಬ್ ಬಿಟ್ಟರು. ಆ ತಿಂಗಳ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಗ್ಯಾಲಕ್ಸಿ ಕ್ಲಬ್ ಪರ ಮೊದಲ ಮ್ಯಾಚ್‌ನಲ್ಲೇ ಎರಡು ಗೋಲು, ಆ ಸೀಸನ್‌ನಲ್ಲಿ ಒಟ್ಟು 22. ಅಲ್ಲಿನ ಲೀಗ್‌ನ ಮಟ್ಟ ಬೇರೆ, ಒಪ್ಪುತ್ತೇನೆ. ಆದರೆ ಗಾಯವಾಗಿ ಆಗ ಹನ್ನೊಂದು ತಿಂಗಳು ದಾಟಿತ್ತು ಅನ್ನುವುದನ್ನೂ ನೋಡಿ. ತಂಡದ ಪಟ್ಟಿಯಲ್ಲಿ ಹೆಸರು ಬರುವುದು ಒಂದು, ಮೊದಲಿನಂತೆ ಆಡುವುದು ಇನ್ನೊಂದು. ಯುರೋಪಿನ ದೊಡ್ಡ ಕ್ಲಬ್‌ಗಳ ಹದಿನೈದು ವರ್ಷದ ಲೆಕ್ಕವೂ ಇದನ್ನೇ ಹೇಳುತ್ತದೆ. ಎಸಿಎಲ್ ಹರಿದ ಆಟಗಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಒಂದು ವರ್ಷದೊಳಗೆ ಮರಳುತ್ತಾರೆ. ಮೂರು ವರ್ಷದ ನಂತರವೂ ಅದೇ ಉನ್ನತ ಮಟ್ಟದಲ್ಲಿ ಆಡುತ್ತಿರುವವರು 65 ಮಾತ್ರ.

ಈಗ ಆಫ್-ಸೀಸನ್ ವಿಷಯಕ್ಕೆ ಬರುತ್ತೇನೆ. ನೀವು ಕೇಳಿದ್ದು ಅದನ್ನೇ.

ಗಾಯ ಇಲ್ಲದ ಆಟಗಾರನಿಗೆ ಯುರೋಪಿನಲ್ಲಿ ಸೀಸನ್ ಮುಗಿಯುವುದು ಮೇ ಕೊನೆಗೆ. ಜುಲೈ ಮೊದಲ ವಾರಗಳಲ್ಲಿ ಮತ್ತೆ ಕರೆ ಬರುತ್ತದೆ. ನಡುವೆ ನಾಲ್ಕರಿಂದ ಆರು ವಾರ ಸಿಕ್ಕರೆ ಪುಣ್ಯ. ಮೊದಲ ಹತ್ತು ಹದಿನೈದು ದಿನ ನಿಜವಾದ ರಜೆ. ಬೂಟು ಮುಟ್ಟುವುದಿಲ್ಲ. ಆಮೇಲೆ ವಾರಕ್ಕೆ ಮೂರು ನಾಲ್ಕು ದಿನ ಓಟ, ಜಿಮ್. ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮವನ್ನು (ಮಂಡಿಯೂರಿ ನಿಧಾನಕ್ಕೆ ಮುಂದೆ ವಾಲುವುದು) ಮಾತ್ರ ಪೂರ್ತಿ ಬಿಡಬಾರದು. ಎರಡು ವಾರ ಬಿಟ್ಟರೂ ಅದರಿಂದ ಬಂದ ಲಾಭ ಇಳಿಯಲು ಶುರುವಾಗುತ್ತದೆ. ಮರಳಿ ಬಂದ ಮೊದಲ ದಿನವೇ ಪರೀಕ್ಷೆ ಇರುತ್ತದೆ. ಕೋಚ್ ಕ್ಲಾಪ್ ಕಾಲದ ಲಿವರ್‌ಪೂಲ್‌ನಲ್ಲಿ, ಓಡಿಸುತ್ತಾ ರಕ್ತದ ಲ್ಯಾಕ್ಟೇಟ್ ಅಳೆಯುವ ಆ ಪರೀಕ್ಷೆ ಬಹಳ ಪ್ರಸಿದ್ಧ. ಮೂವತ್ತು ದಾಟಿದ ಜೇಮ್ಸ್ ಮಿಲ್ನರ್ ಅದರಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದರು.

ಗಾಯದಿಂದ ಏಳುತ್ತಿರುವವನಿಗೆ ಈ ರಜೆ ರಜೆಯಲ್ಲ. ಆದರೆ ಬೇರೆ ಯಾವ ತಿಂಗಳಲ್ಲೂ ಸಿಗದ ಒಂದು ಅನುಕೂಲ ಅವನಿಗೆ ಆಗ ಸಿಗುತ್ತದೆ.

ಸೀಸನ್ ನಡುವೆ, ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಮರಳುವವನು ಓಡುವ ಬಸ್ಸಿಗೆ ನೆಗೆದು ಹತ್ತಬೇಕು. ಉಳಿದವರೆಲ್ಲ ಮೂವತ್ತು ಮ್ಯಾಚ್ ಆಡಿ ಪೂರ್ತಿ ವೇಗದಲ್ಲಿರುತ್ತಾರೆ. ಮೂರು ದಿನಕ್ಕೊಂದು ಮ್ಯಾಚ್ ಇರುವಾಗ ಪ್ರ್ಯಾಕ್ಟೀಸ್ ಅನ್ನುವುದೇ ಕಡಿಮೆ. ಇವನಿಗಾಗಿ ಯಾರೂ ವೇಗ ತಗ್ಗಿಸುವುದಿಲ್ಲ. ಪ್ರೀ-ಸೀಸನ್‌ನಲ್ಲಿ, ಅಂದರೆ ಸೀಸನ್‌ಗೆ ಮೊದಲಿನ ತಯಾರಿಯ ವಾರಗಳಲ್ಲಿ, ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ. ಎಲ್ಲರೂ ರಜೆಯಿಂದ ಬಂದವರು, ಎಲ್ಲರೂ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡುತ್ತಾರೆ. ಮೊದಲ ವಾರ ಹಗುರ ಓಟ, ಆಮೇಲೆ ಸಣ್ಣ ಜಾಗದ ಆಟ, ಆಮೇಲೆ ಸೌಹಾರ್ದ ಪಂದ್ಯ, ಅದರಲ್ಲೂ ಮೊದಲು ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಆಟ, ಆಮೇಲೆ ಪೂರ್ತಿ. ಗಾಯದಿಂದ ಬಂದವನಿಗೆ ಬೇಕಾದ ಏಣಿಯೂ ಇದೇ ತಾನೇ! ಒಬ್ಬನೇ ಹತ್ತುವ ಬದಲು ತಂಡದ ಜೊತೆ ಹತ್ತುತ್ತಾನೆ.

ಯೂರೋ ಬಿಟ್ಟು ವ್ಯಾನ್ ಡೈಕ್ ಪಡೆದಿದ್ದು ಇದನ್ನೇ. 2021ರ ಜುಲೈನಲ್ಲಿ ಲಿವರ್‌ಪೂಲ್ ಆಸ್ಟ್ರಿಯಾದಲ್ಲಿ ಶಿಬಿರ ಹೂಡಿತು. ಅಲ್ಲಿ ಮೊದಲು ಪ್ರತ್ಯೇಕ ತರಬೇತಿ, ಆಮೇಲೆ ತಂಡದ ಜೊತೆ. ಜೊತೆಗೆ ಇನ್ನೊಬ್ಬ ಡಿಫೆಂಡರ್ ಜೋ ಗೋಮೆಜ್ ಇದ್ದರು. ಅವರಿಗೆ 2020ರ ನವೆಂಬರ್‌ನಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿದಿತ್ತು. ಹೆರ್ಟಾ ವಿರುದ್ಧ ಇಬ್ಬರೂ ಒಟ್ಟಿಗೇ ಇಳಿದರು. ಆಗಸ್ಟ್ 14ಕ್ಕೆ ನಾರ್ವಿಚ್‌ನಲ್ಲಿ ಲೀಗ್‌ನ ಮೊದಲ ಮ್ಯಾಚ್. ವ್ಯಾನ್ ಡೈಕ್ ಪೂರ್ತಿ 90 ನಿಮಿಷ ಆಡಿದರು, ತಂಡ 3-0ಯಿಂದ ಗೆದ್ದಿತು. ಆ ಸೀಸನ್‌ನಲ್ಲಿ ಅವರು ಪ್ರೀಮಿಯರ್ ಲೀಗ್‌ನಲ್ಲಿ 34 ಮ್ಯಾಚ್ ಆಡಿದರು. ತಂಡ ಲೀಗ್ ಕಪ್, ಎಫ್‌ಎ ಕಪ್ ಎರಡೂ ಗೆದ್ದಿತು, ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ಹೋಯಿತು. 2025ರಲ್ಲಿ ಅದೇ ಮಂಡಿಯಿಂದ ನಾಯಕನಾಗಿ ಪ್ರೀಮಿಯರ್ ಲೀಗ್ ಕಪ್ ಎತ್ತಿದರು.

ಆ ಗಾಯದ ವರ್ಷ ಲಿವರ್‌ಪೂಲ್‌ಗೆ ಒತ್ತಡ ಕಡಿಮೆ ಇತ್ತು ಅಂದುಕೊಳ್ಳಬೇಡಿ. ಹಾಲಿ ಚಾಂಪಿಯನ್ನರು. ವ್ಯಾನ್ ಡೈಕ್, ಗೋಮೆಜ್ ಇಬ್ಬರೂ ಇಲ್ಲ, ಆಮೇಲೆ ಇನ್ನೊಬ್ಬ ಡಿಫೆಂಡರ್ ಮಾಟಿಪ್ ಕೂಡ ಗಾಯವಾಗಿ ಹೊರಗುಳಿದರು. ಮಿಡ್‌ಫೀಲ್ಡರ್‌ಗಳನ್ನು ಹಿಂದೆ ನಿಲ್ಲಿಸಿ ಆಡಿದರು. ಸಾಲು ಸಾಲು ಮ್ಯಾಚ್ ಸೋತರು. ಆದರೂ ವ್ಯಾನ್ ಡೈಕ್‌ನನ್ನು ಬೇಗ ಇಳಿಸಲಿಲ್ಲ. ನಿಮ್ಮ ಕ್ಲಬ್‌ನವರಿಗೆ ಇದನ್ನು ಹೇಳಿ.

ಬೇಗ ಮರಳುವುದರ ಇನ್ನೊಂದು ಚಿತ್ರವನ್ನು ನನ್ನ ವಯಸ್ಸಿನವರು ಮರೆಯುವುದಿಲ್ಲ. ಬ್ರೆಜಿಲ್‌ನ ರೊನಾಲ್ಡೊಗೆ ಇಂಟರ್ ಮಿಲಾನ್ ಪರ ಆಡುವಾಗ, 1999ರ ನವೆಂಬರ್ 21ಕ್ಕೆ, ಮಂಡಿಚಿಪ್ಪಿನ ಸ್ನಾಯುರಜ್ಜಿಗೆ ಗಾಯವಾಗಿ ಆಪರೇಷನ್ ಆಯಿತು. 2000ದ ಏಪ್ರಿಲ್ 12ಕ್ಕೆ, ಐದು ತಿಂಗಳೂ ಆಗುವ ಮೊದಲು, ರೋಮ್‌ನಲ್ಲಿ ಲಾಜಿಯೋ ವಿರುದ್ಧದ ಕಪ್ ಫೈನಲ್‌ಗೆ ಬದಲಿಯಾಗಿ ಇಳಿದರು. ಏಳು ನಿಮಿಷವೂ ಆಗಿರಲಿಲ್ಲ. ಚೆಂಡು ಹಿಡಿದು ತಮ್ಮ ಹೆಸರುವಾಸಿ ಕಾಲ್ಚಳಕಕ್ಕೆ ಹೊರಟವರು ಹಾಗೇ ಕುಸಿದರು. ಯಾರೂ ಮುಟ್ಟಿರಲಿಲ್ಲ. ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಅದು ಎಸಿಎಲ್ ಅಲ್ಲ, ಬೇರೆ ಗಾಯ. ಆದರೆ ಬಿದ್ದಾಗಿನ ಅವರ ಕೂಗು ಈಗಲೂ ಕಿವಿಯಲ್ಲಿದೆ. ಎರಡನೇ ಸಲ ಅವರು ಒಂದು ವರ್ಷಕ್ಕೂ ಜಾಸ್ತಿ ಕಾದರು. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು, ಫೈನಲ್‌ನ ಎರಡೂ ಗೋಲು ಅವರದೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಮ್ಮ ಕೈಲಿ ಎಷ್ಟು ಆಗುತ್ತೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗುತ್ತದೆ. ದೊಡ್ಡ ಕ್ಲಬ್‌ನಲ್ಲಿ ದೇಹದ ಭಾರ ಕಡಿಮೆ ಮಾಡುವ ಟ್ರೆಡ್‌ಮಿಲ್ ಇರುತ್ತದೆ, ನೀರಿನೊಳಗೆ ಓಡುವ ಕೊಳ ಇರುತ್ತದೆ, ಬೆನ್ನಿಗೆ ಜಿಪಿಎಸ್ ಕಟ್ಟಿ ಒಂದೊಂದು ಓಟವನ್ನೂ ಅಳೆಯುತ್ತಾರೆ. ಒಳ್ಳೆಯ ಸಾಧನಗಳೇ. ಆದರೆ ಮಂಡಿಯನ್ನು ಕಾಯುವ ಮುಖ್ಯ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು. ಅದನ್ನು ಬೆಳೆಸಲು ಒಂದು ಸಾಧಾರಣ ಜಿಮ್, ತಿಳಿದ ಫಿಸಿಯೋ, ತಾಳ್ಮೆ ಇದ್ದರೆ ಸಾಕು. ಆಪರೇಷನ್ ಆದ ಮಂಡಿ ಊದಿಕೊಂಡಾಗ ಮೆದುಳೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತದೆ. ಕೆಲವೇ ದಿನದಲ್ಲಿ ತೊಡೆ ಸಣ್ಣಗಾಗುತ್ತದೆ. ಅದು ಮರಳಿ ತುಂಬಲು ತಿಂಗಳುಗಳೇ ಬೇಕು. ನಾನು ನೋಡುವ ಹುಡುಗರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಓಡಲು ಬಂತು ಅಂದ ಕೂಡಲೇ ಜಿಮ್ ಬಿಟ್ಟು ಗ್ರೌಂಡಿಗೆ ಹೋಗುತ್ತಾರೆ.

ನಾನು ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಬ್ಬ ಹುಡುಗ ಇದ್ದ. ನಿಮ್ಮ ತಮ್ಮನಷ್ಟೇ ವಯಸ್ಸು. ಆರೂವರೆ ತಿಂಗಳಿಗೆ ಒಂಟಿಕಾಲಲ್ಲಿ ಚೆನ್ನಾಗಿ ಜಿಗಿದು ತೋರಿಸಿದ. ಎರಡೂ ಕಾಲಿನ ದೂರ ಹೆಚ್ಚುಕಡಿಮೆ ಒಂದೇ. ನಾನು ತೊಡೆಯ ಶಕ್ತಿ ಅಳೆಯದೆ ಒಪ್ಪಿಬಿಟ್ಟೆ. ಮೂರನೇ ಮ್ಯಾಚ್‌ನಲ್ಲಿ, ಎದುರಾಳಿಯ ಕಡೆ ಓಡಿ ತಟ್ಟನೆ ನಿಲ್ಲುವಾಗ, ಮತ್ತೆ ಹರಿಯಿತು. ಅವನ ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ 'ನೀವು ಸರಿ ಅಂದ್ರಲ್ಲಮ್ಮ' ಅಂದರು. ಜಿಗಿಯುವಾಗ ಸೊಂಟ ಮತ್ತು ಪಾದ ಸೇರಿ ತೊಡೆಯ ದುರ್ಬಲತೆಯನ್ನು ಮುಚ್ಚಿಡಬಲ್ಲವು ಅನ್ನುವುದನ್ನು ನಾನು ಅವತ್ತು ಕಲಿತೆ. ಅಂದಿನಿಂದ ಅಳೆಯದೆ ಯಾರನ್ನೂ ಬಿಟ್ಟಿಲ್ಲ.

ಆದ್ದರಿಂದ ಈ ವಾರವೇ ತಮ್ಮನನ್ನು ಅಳೆಸಿ. ಸ್ನಾಯುವಿನ ಶಕ್ತಿ ಅಳೆಯುವ ಐಸೋಕೈನೆಟಿಕ್ ಯಂತ್ರ ಇರುವ ಕಡೆ ಆದರೆ ಒಳ್ಳೆಯದು. ಇಲ್ಲದಿದ್ದರೆ ಜಿಮ್‌ನ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ, ಫಿಸಿಯೋ ಜೊತೆಗಿದ್ದು, ಒಂದೊಂದೇ ಕಾಲಿನ ಶಕ್ತಿ ಹೋಲಿಸಬಹುದು. ಮ್ಯಾಚ್‌ಗೆ ಇಳಿಯುವ ಹೊತ್ತಿಗೆ ಗಾಯದ ಕಾಲು ಇನ್ನೊಂದರ ಕನಿಷ್ಠ 90 ಶೇಕಡಾ ಇರಬೇಕು. ಇಲ್ಲೊಂದು ಮೋಸವೂ ಇದೆ. ಐದು ತಿಂಗಳು ಆಡದೆ ಇದ್ದಾಗ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿಗೆ ಸಮ ಆಯಿತು ಅಂತ ಸಮಾಧಾನ ಪಡಬಾರದು. ಎರಡೂ ಕಾಲನ್ನು ಬೆಳೆಸಬೇಕು.

ಶಕ್ತಿ ಬಂದ ಮೇಲೆ ಜಿಗಿತ. ನಾವು ಚಿಕ್ಕವರಿದ್ದಾಗ ಆಡಿದ ಕುಂಟಾಬಿಲ್ಲೆಯೇ ಇಲ್ಲಿ ಪರೀಕ್ಷೆ. ಒಂಟಿಕಾಲಲ್ಲಿ ಒಂದು ಜಿಗಿತ, ಸಾಲಾಗಿ ಮೂರು ಜಿಗಿತ, ಗೆರೆಯ ಆಚೆ ಈಚೆ ಅಡ್ಡ ಜಿಗಿತ. ಮೊಬೈಲಿನಲ್ಲಿ ಎದುರಿನಿಂದ ವಿಡಿಯೋ ಮಾಡಿ. ಕಾಲೂರುವಾಗ ಮಂಡಿ ಒಳಗೆ ವಾಲುತ್ತದೆಯೇ ನೋಡಿ. ವಾಲುತ್ತಿದ್ದರೆ ದೂರ ಎಷ್ಟೇ ಬಂದರೂ ಪ್ರಯೋಜನವಿಲ್ಲ.

ಅದಾದ ಮೇಲೆ ಎಲ್ಲಕ್ಕಿಂತ ಕಷ್ಟದ್ದು: ನಿಲ್ಲುವುದು. ಓಡುವುದಕ್ಕಿಂತ, ಓಡುತ್ತಾ ಬಂದು ಎರಡು ಹೆಜ್ಜೆಯಲ್ಲಿ ನಿಂತು ತಿರುಗುವುದು ಮಂಡಿಗೆ ಹೆಚ್ಚು ಭಾರ. ಇಟಲಿಯ ವೃತ್ತಿಪರ ಆಟಗಾರರ 134 ಎಸಿಎಲ್ ಗಾಯಗಳ ವಿಡಿಯೋ ಕೂತು ನೋಡಿದವರು ಕಂಡುಕೊಂಡಿದ್ದು ಇದು. ಮಂಡಿಗೆ ನೇರ ಪೆಟ್ಟು ಬಿದ್ದು ಆಗಿದ್ದು ನೂರಕ್ಕೆ ಹನ್ನೆರಡು ಮಾತ್ರ. ವ್ಯಾನ್ ಡೈಕ್‌ನದು ಆ ಹನ್ನೆರಡರ ಜಾತಿಯದು. ಉಳಿದವು ಪ್ರೆಸ್ ಮಾಡಲು, ಅಂದರೆ ಚೆಂಡು ಇರುವ ಎದುರಾಳಿಯ ಮೇಲೆ ಒತ್ತಡ ಹಾಕಲು, ಓಡಿ ನಿಲ್ಲುವಾಗ, ತಿರುಗುವಾಗ, ದೇಹದ ಮೇಲ್ಭಾಗಕ್ಕೆ ತಳ್ಳಿಸಿಕೊಂಡು ತೂಕ ತಪ್ಪಿದಾಗ ಆದವು. ನಿಮ್ಮ ತಮ್ಮ ಡಿಫೆಂಡರ್, ಅವನ ಕೆಲಸವೇ ಅದು. ಹಾಗಾಗಿ ಮೊದಲು ಗೊತ್ತಿರುವ ದಿಕ್ಕಿಗೆ ನಿಲ್ಲುವ ಅಭ್ಯಾಸ, ಆಮೇಲೆ ನೀವು ಕೈ ತೋರಿಸಿದ ದಿಕ್ಕಿಗೆ, ಆಮೇಲೆ ಎದುರಿಗೆ ಚೆಂಡು ಇಟ್ಟುಕೊಂಡ ಆಟಗಾರ ಇರುವಾಗ. ಇದಕ್ಕೆ ಯಾವ ಯಂತ್ರವೂ ಬೇಡ. ಇದೆಲ್ಲ ಆದ ಮೇಲೆ ತಂಡದ ಜೊತೆ ಕನಿಷ್ಠ ನಾಲ್ಕು ವಾರ ಪೂರ್ತಿ ಪ್ರ್ಯಾಕ್ಟೀಸ್ ಮಾಡದೆ ನಾನು ಯಾರಿಗೂ ಮ್ಯಾಚ್‌ಗೆ ಒಪ್ಪಿಗೆ ಕೊಡುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋ ಹುಡುಗನಿಗೆ 110 ಗ್ರಾಂ ಆಗುತ್ತದೆ. ನಮ್ಮ ಮನೆ ಊಟದಲ್ಲಿ ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ. ಮುದ್ದೆ, ಅನ್ನ ಬಿಡಬೇಕಿಲ್ಲ, ಜೊತೆಗೆ ಮೊಟ್ಟೆ, ಕೋಳಿ, ಮೀನು, ಮೊಸರು, ಹುರುಳಿ, ಸೋಯಾ ಹೆಚ್ಚಿಸಿ. ರಾತ್ರಿ ಮೊಬೈಲ್ ಪಕ್ಕಕ್ಕಿಟ್ಟು ಎಂಟು ಗಂಟೆ ನಿದ್ದೆ. ನೋವಿನ ಮಾತ್ರೆ ನುಂಗಿ ಪ್ರ್ಯಾಕ್ಟೀಸಿಗೆ ಹೋಗಲೇಬಾರದು. ನೋವು, ಊತ ಎರಡೂ ಸುದ್ದಿ ಹೇಳುವ ದೂತರು. ಇವತ್ತಿನ ವ್ಯಾಯಾಮದಿಂದ ನಾಳೆ ಬೆಳಿಗ್ಗೆ ಮಂಡಿ ಊದಿದ್ದರೆ ಇವತ್ತು ಜಾಸ್ತಿ ಆಯಿತು ಅಂತ ಅರ್ಥ.

ಹೆದರಿಕೆಯ ಬಗ್ಗೆಯೂ ತಮ್ಮನ ಹತ್ತಿರ ಕೇಳಿ, ಅಮ್ಮ ಅಪ್ಪ ಇಲ್ಲದಾಗ ಕೇಳಿ. 'ಟ್ಯಾಕಲ್‌ಗೆ ಹೋಗುವಾಗ ಮಂಡಿ ನೆನಪಾಗುತ್ತಾ?' ಅಂತ. ಆಗುತ್ತೆ ಅಂದರೆ ಅದು ಪುಕ್ಕಲುತನ ಅಲ್ಲ. ಅದನ್ನೂ ಅಳೆಯುವ ಪ್ರಶ್ನಾವಳಿ ಇದೆ, ಫಿಸಿಯೋಗಳಿಗೆ ಗೊತ್ತಿರುತ್ತದೆ. ಹೆದರಿಕೆ ಇಟ್ಟುಕೊಂಡು ಅರೆಮನಸ್ಸಿನಲ್ಲಿ ಚೆಂಡಿಗೆ ಹೋಗುವವನು ತಡವಾಗಿ ತಲುಪುತ್ತಾನೆ, ತಪ್ಪು ಕಾಲಿನ ಮೇಲೆ ನಿಲ್ಲುತ್ತಾನೆ.

ಕ್ಲಬ್‌ನವರ ಜೊತೆ ಜಗಳ ಬೇಡ. ಮುಂದಿನ ತಿಂಗಳು ತಂಡದ ಜೊತೆ ಅವನು ಗ್ರೌಂಡಿಗೆ ಹೋಗಲಿ. ವಾರ್ಮ್-ಅಪ್‌ನಲ್ಲಿ ಫಿಸಿಯೋ ಒಪ್ಪಿದಷ್ಟು ಸೇರಿಕೊಳ್ಳಲಿ, ಪಕ್ಕದಲ್ಲಿ ತನ್ನ ವ್ಯಾಯಾಮ ಮಾಡಲಿ, ಡಗ್‌ಔಟ್‌ನಲ್ಲಿ ಕೂತು ಆಟ ಓದಲಿ. ಟೂರ್ನಮೆಂಟ್ ಮುಗಿದು ಎಲ್ಲರೂ ವಿಶ್ರಾಂತಿಗೆ ಹೋಗುತ್ತಾರಲ್ಲ, ಆ ಖಾಲಿ ವಾರಗಳು ಅವನವು. ಮತ್ತೆ ಎಲ್ಲರೂ ಸೇರಿ ಮೊದಲ ಹಗುರ ಓಟ ಶುರು ಮಾಡುವ ದಿನ ಅವನೂ ಸಾಲಿನಲ್ಲಿ ನಿಲ್ಲಲಿ. ಆ ಹೊತ್ತಿಗೆ ಒಂಬತ್ತು ತಿಂಗಳು ಆಗಿದೆಯೇ, ಎರಡು ತೊಡೆಯ ಅಳತೆ ಎಷ್ಟು ಬಂತು, ಇವೆರಡನ್ನು ಬರೆದು ಕಳಿಸಿ. ಇಳಿಸಬಹುದೋ ಇಲ್ಲವೋ ಆಗ ಹೇಳುತ್ತೇನೆ.